ಉದುರಿದ ಯ ಒತ್ತು ಮತ್ತು ನನ್ನ ಅಕ್ಕನ ಎಡಮಂಡಿ

ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಎಡಮಂಡಿ ಬಗ್ಗುತ್ತದೆ. ತಮ್ಮ ಪುನಶ್ಚೇತನ ಚಿಕಿತ್ಸಾ ಇಲಾಖೆಯ ಪ್ರಕಾರ ಅದು ಬಗ್ಗುವುದಿಲ್ಲ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು, ಮಂಡಿಗಂತೂ ಆ ಅಭ್ಯಾಸವಿಲ್ಲ. ಇಷ್ಟು ಹೇಳುವುದಕ್ಕೆ ಊರಿಗೆಲ್ಲ ಕೇಳುವಂತೆ ಬಹಿರಂಗ ಪತ್ರ ಯಾಕೆ, ಖಾಸಗಿಯಾಗಿ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆದೆ ಸ್ವಾಮಿ. ಅದರಿಂದ ಏನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ, ಓದಿದರೆ ತಮಗೂ ನಗು ಬರಬಹುದು. ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ.

ನನ್ನ ಅಕ್ಕ ನಗರ ಸಾರಿಗೆಯಲ್ಲಿ ಬಸ್ಸು ಓಡಿಸುವವಳು. ನಾನು ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಒಂದೇ ಮನೆಯಲ್ಲಿದ್ದೇವೆ, ಬೆಳಿಗ್ಗೆ ಅವಳು ಗೇರು ಹಾಕಲು ಹೋದರೆ ನಾನು ಅಲ್ಪವಿರಾಮ ಹಾಕಲು ಹೋಗುತ್ತೇನೆ. ಮಳೆಗಾಲದಲ್ಲಿ ಡಿಪೋದ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಅವಳ ಮಂಡಿಯ ಮೂಳೆ ಒಡೆಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು, ಆದರೆ ಮಂಡಿ ಮಾತ್ರ ಬಾಗಿಲಿಗೆ ಹಾಕಿದ ಅಗುಳಿಯ ಹಾಗೆ ನೆಟ್ಟಗೆ ಕೂತುಬಿಟ್ಟಿತು. ಕೂಡಿಸುವುದು ತನ್ನ ಕೆಲಸ, ಬಗ್ಗಿಸುವುದು ಫಿಸಿಯೋಥೆರಪಿಯವರ ಕೆಲಸ, ತಡ ಮಾಡಿದರೆ ಒಳಗೆ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ ಎಂದು ಸರ್ಜನ್ ಸ್ಪಷ್ಟವಾಗಿ ಹೇಳಿದರು. ಬಸ್ಸಿನ ಕ್ಲಚ್ ಎಡಗಾಲಿನದು. ಕಾಲು ಮಡಚಿ ಪೆಡಲಿನ ಮೇಲಿಡಲಾಗದ ಚಾಲಕರನ್ನು ಸಾರಿಗೆಯವರು ಕಳೆದುಹೋದ ವಸ್ತುಗಳ ಕೌಂಟರಿಗೆ ಹಾಕುತ್ತಾರೆ. ಪ್ರಯಾಣಿಕರು ಬಿಟ್ಟುಹೋದ ಕೊಡೆ, ಚೀಲ, ಒಂಟಿ ಚಪ್ಪಲಿಗಳ ಮಧ್ಯೆ ನಿವೃತ್ತಿಯವರೆಗೆ ಕೂತಿರಬೇಕು. "ಅಲ್ಲಿ ಕೂತ್ರೆ ನನ್ನನ್ನೂ ಯಾರೋ ಬಸ್ಸಲ್ಲಿ ಮರ್ತು ಹೋದ್ರು ಅನ್ಸತ್ತೆ ಕಣೇ" ಎಂದಳು ಅಕ್ಕ. ಹೀಗಾಗಿ ವಾಕರ್ ಹಿಡಿಸಿಕೊಂಡು ಅವಳನ್ನು ತಮ್ಮ ಇಲಾಖೆಯ ಚಿಕಿತ್ಸಾ ಕೇಂದ್ರಕ್ಕೆ ಕರೆತಂದೆ.

ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಒಬ್ಬ ಹುಡುಗಿ. ಹುಡುಗಿ ಎಂದರೆ ನನ್ನ ವಯಸ್ಸಿಗೆ ಹುಡುಗಿ, ಅವಳ ಕೈಕೆಳಗೆ ಒಂದು ಬಾರಿ ಕಾಲು ಕೊಟ್ಟವರು ಯಾರೂ ಅವಳನ್ನು ಚಿಕ್ಕವಳೆನ್ನುವುದಿಲ್ಲ. ಮೊದಲ ದಿನವೇ ಅಕ್ಕ ಕೆಂಪು ದೀಪ ಕೇಳಿದಳು.

"ಬಿಸಿ ದೀಪ ಇಡಲ್ವಾ ಮೇಡಂ? ನಮ್ಮ ಡಿಪೋ ಮೆಕ್ಯಾನಿಕ್‌ಗೆ ಇಟ್ಟಿದ್ರಂತೆ, ಭಾಳ ಹಾಯಾಗಿತ್ತಂತೆ."

"ಹಾಯಾಗಿರತ್ತೆ ಅಕ್ಕಾ, ನಿದ್ದೇನೂ ಬರತ್ತೆ. ಆದ್ರೆ ನಿಮ್ಮ ಮಂಡಿ ಈಗಾಗ್ಲೇ ನಿದ್ದೆ ಮಾಡ್ತಿದೆ, ಅದನ್ನ ಎಬ್ಬಿಸ್ಬೇಕಲ್ವಾ?"

"ನೋವಾಗಲ್ವಾ?"

"ಆಗತ್ತೆ. ಎಷ್ಟು ನೋವಾದ್ರೆ ಒಳ್ಳೇದು, ಎಲ್ಲಿ ನಿಲ್ಲಿಸ್ಬೇಕು ಅಂತ ನಿಮ್ಮಂಥ ನೂರಾರು ಜನರ ಮಂಡಿ ನೋಡಿ, ಅಳೆದು, ಬರೆದಿಟ್ಟಿದ್ದಾರೆ. ಅದನ್ನ ಓದೇ ಬಂದಿದೀನಿ. ನನಗೆ ತೋಚಿದ ಹಾಗೆ ಎಳೆದಾಡಲ್ಲ."

ಅವಳು ಅಂದಿನಿಂದ ಅಕ್ಕನ ಮಂಡಿಯನ್ನು ಕೀಲಿರುವ ಪ್ಲಾಸ್ಟಿಕ್ ಅಳತೆಪಟ್ಟಿಯಿಂದ ಅಳೆದು, ಏನು ಮಾಡಿದರೆ ಎಷ್ಟು ಬಗ್ಗುತ್ತದೆ ಎಂದು ನೋಡಿ, ಉಪಯೋಗವಿಲ್ಲದ್ದನ್ನು ಬಿಟ್ಟು, ಇದ್ದದ್ದನ್ನು ಹೆಚ್ಚಿಸಿದಳು. ಅಕ್ಕ ಕಂಬಿ ಹಿಡಿದು ನಡೆದಳು, ಹಲ್ಲು ಕಚ್ಚಿದಳು, ಒಂದೆರಡು ಬಾರಿ ನನ್ನ ಕೈಯನ್ನೇ ಕಚ್ಚಿದಳು. ಮಂಡಿ ದಿನದಿಂದ ದಿನಕ್ಕೆ ಮಾತು ಕೇಳತೊಡಗಿತು. ತಮ್ಮ ಭಾಷಣಗಳಲ್ಲಿ ಬರುತ್ತದಲ್ಲ, ಸಾಕ್ಷ್ಯಾಧಾರಿತ ಚಿಕಿತ್ಸೆ ಎಂದು, ಅದು ಇದೇ ಇರಬೇಕು ಎಂದುಕೊಂಡು ನಾನು ನೆಮ್ಮದಿಯಾಗಿದ್ದೆ.

ಅಷ್ಟರಲ್ಲಿ ತಮ್ಮ ಸುತ್ತೋಲೆ ಬಂತು. "ಇನ್ನು ಮುಂದೆ ಎಲ್ಲ ಫಿಸಿಯೋಥೆರಪಿಯೂ ಸಾಕ್ಷಿ ಆಧಾರಿತವಾಗಿರತಕ್ಕದ್ದು. ಸಾಕ್ಷಿ ಇಲ್ಲದ ಚಿಕಿತ್ಸೆಯನ್ನು ಕೂಡಲೇ ನಿಲ್ಲಿಸತಕ್ಕದ್ದು." ಕೇಂದ್ರದ ಗೋಡೆಯ ಮೇಲೆ ಅದನ್ನು ಅಂಟಿಸಿದ್ದಾಗ ನನ್ನ ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಯಿತು. ಮಾನ್ಯರೇ, ತಾವು ಹೇಳಲು ಹೊರಟಿದ್ದು ಸಾಕ್ಷ್ಯ. ಅಚ್ಚಾಗಿದ್ದು ಸಾಕ್ಷಿ. ತಮ್ಮ ಕಚೇರಿಯಲ್ಲಿ ಬೆರಳಚ್ಚು ಮಾಡಿದವರ ಕೈಯಲ್ಲಿ ಒಂದು ಯ ಒತ್ತು ಉದುರಿ ಅದರ ಜಾಗದಲ್ಲಿ ಗುಡಿಸು ಬಂದು ಕೂತಿದೆ. ಬೇರೆ ಪದವಾಗಿದ್ದರೆ ಓದುವವರು ತಿದ್ದಿಕೊಂಡು ಓದುತ್ತಿದ್ದರು. ಇಲ್ಲಿ ಯ ಒತ್ತು ಹೋದರೆ ಸಂಶೋಧನೆ ಹೋಗಿ ಮನುಷ್ಯ ಬರುತ್ತಾನೆ. ನಾನು ಕೇಂದ್ರದ ಅಧೀಕ್ಷಕರ ಬಳಿಗೆ ಹೋಗಿ ವಿನಯದಿಂದಲೇ ಹೇಳಿದೆ.

"ಸರ್, ಇದು ಸಾಕ್ಷ್ಯ ಅಂತಾಗ್ಬೇಕು. ಅಂದ್ರೆ ಅಧ್ಯಯನ, ಸಂಶೋಧನೆ. ಜನ ಅಲ್ಲ."

"ಅಮ್ಮಾ, ಇಲ್ಲೇನ್ ಬರ್ದಿದೆ, ನೀವೇ ಓದಿ."

"ಸಾಕ್ಷಿ."

"ಮುಗೀತಲ್ಲ. ಸಾಕ್ಷಿ ಅಂದ್ರೆ ಜನಾನೇ. ಕಡಿಮೆ ಅಂದ್ರೂ ಇಬ್ರು ಬೇಕು. ರಕ್ತಸಂಬಂಧಿಗಳಾಗಿರ್ಬಾರ್ದು."

"ರಕ್ತಸಂಬಂಧದ ಮಾತು ಇದ್ರಲ್ಲಿ ಎಲ್ಲಿದೆ?"

"ಎಲ್ಲೂ ಇಲ್ಲ. ಇರ್ಲಿ ಅಂತ ನಾನೇ ಸೇರ್ಸಿದೆ. ನಾಳೆ ಮೇಲಿನೋರು ಬಂದು ಕೇಳಿದ್ರೆ ಯಾರ ತಲೆ ಹೋಗೋದು? ನಿಮ್ದಾ?"

ಅವರು ಕೆಟ್ಟವರಲ್ಲ. ಮೇಲಿನವರ ಕಾಲ ಸಪ್ಪಳ ಕೇಳಿದರೆ ಕುರ್ಚಿಯಿಂದ ತಾನಾಗಿ ಏಳುವ ಮನುಷ್ಯ. ಅಕ್ಕನ ಮಂಡಿಗಿಂತ ಅವರ ಮಂಡಿ ಚೆನ್ನಾಗಿ ಬಗ್ಗುತ್ತದೆ. ಮರುದಿನದಿಂದ ಸಾಕ್ಷಿಗಳಿಲ್ಲದವರಿಗೆ ಚಿಕಿತ್ಸೆ ಇಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸತೊಡಗಿದರು. ನಾನು ತಂಗಿ, ಹಾಗಾಗಿ ಲೆಕ್ಕಕ್ಕಿಲ್ಲ. ಅಕ್ಕನ ಸಾಕ್ಷಿಗಳಾಗಿ ನಮ್ಮ ಮೇಲ್ಮನೆಯಾಕೆಯನ್ನೂ ಡಿಪೋದ ಪಕ್ಕದಲ್ಲಿ ಪಂಕ್ಚರ್ ಹಾಕುವವನನ್ನೂ ಗೋಗರೆದು ಕರೆತಂದೆ. ಫಿಸಿಯೋ ಹುಡುಗಿ ತಲೆ ತಗ್ಗಿಸಿಕೊಂಡು ಅಕ್ಕನ ಕಾಲು ಬಗ್ಗಿಸಿದಳು, ಅಕ್ಕ ಕಿರುಚಿದಳು. ಕೂಡಲೇ ಅಧೀಕ್ಷಕರು ಮೇಲ್ಮನೆಯಾಕೆಯತ್ತ ತಿರುಗಿದರು.

"ಮಂಡಿ ಬಗ್ಗಿದ್ದನ್ನ ನೀವು ನೋಡಿದ್ರಾ?"

"ಅಯ್ಯೋ, ಅವ್ರು ಹಾಗೆ ಕಿರುಚ್ದಾಗ ನಾನು ಕಣ್ಣು ಮುಚ್ಕೊಂಬಿಟ್ಟೆ. ಆದ್ರೆ ಬಗ್ಗಿರತ್ತೆ ಬಿಡಿ. ಬಗ್ಗದೇ ಇದ್ರೆ ಯಾರಾದ್ರೂ ಹಾಗೆ ಕಿರುಚ್ತಾರಾ?"

"ಕಿವಿಯಿಂದ ಕೇಳಿದ್ದು ನಡೆಯಲ್ಲ. ನೀವಪ್ಪ?"

"ಬಗ್ತು ಸಾರ್," ಎಂದ ಪಂಕ್ಚರಿನವನು. "ಆದ್ರೆ ಬಲಗಾಲೋ ಎಡಗಾಲೋ ಅಂತ ಗಮನ ಕೊಡ್ಲಿಲ್ಲ. ಟೈರ್ ಆಗಿದ್ರೆ ಹೇಳ್ತಿದ್ದೆ."

ಆ ದಿನದ ಚಿಕಿತ್ಸೆ ಸಾಕ್ಷಿಗಳ ಹೇಳಿಕೆಗಳಲ್ಲಿ ಹೊಂದಾಣಿಕೆಯಿಲ್ಲದ ಕಾರಣ ಅಸಿಂಧುವಾಯಿತು. ಕಿರುಚಿದ್ದಷ್ಟೇ ಅಕ್ಕನ ಪಾಲಿಗೆ ಬಂತು. ಇದು ನನ್ನ ಅಕ್ಕನೊಬ್ಬಳ ಕಥೆ ಎಂದುಕೊಳ್ಳಬೇಡಿ. ಹೆಪ್ಪುಗಟ್ಟಿದ ಭುಜ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಬಡಗಿಯ ಪಕ್ಕದ ಮನೆಯವನು ಎರಡು ವಾರ ಒಳ್ಳೆಯ ಸಾಕ್ಷಿಯಾಗಿದ್ದ. ಆಮೇಲೆ ನಲ್ಲಿ ನೀರಿನ ವಿಷಯಕ್ಕೆ ಇಬ್ಬರಿಗೂ ಜಗಳವಾಗಿ ಅವನು ತಿರುಗಿಬಿದ್ದ. ಈ ಭುಜ ಒಂದು ದಿನವೂ ಮೇಲೆದ್ದದ್ದನ್ನು ತಾನು ಕಂಡಿಲ್ಲ, ಹಿಂದೆ ಹೇಳಿದ್ದೆಲ್ಲ ಒತ್ತಡಕ್ಕೆ ಹೇಳಿದ್ದು ಎಂದುಬಿಟ್ಟ. ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸುತ್ತಲೇ ಬಡಗಿ ಗೋಳಾಡಿದ. ತಮ್ಮ ದಾಖಲೆಯಲ್ಲಿ ಅವನ ಕೈ ಮಾತ್ರ ಇಂದಿಗೂ ಕೆಳಗೇ ಇದೆ. ಕೇಂದ್ರದ ಗೇಟಿನ ಮುಂದೆ ಈಗ ಸಿದ್ಧಸಾಕ್ಷಿಗಳು ಸಾಲಾಗಿ ನಿಂತಿರುತ್ತಾರೆ. ಆಟೋ ಇಳಿಯುವುದೇ ತಡ, "ಮಂಡಿನಾಮ್ಮಾ? ಭುಜಾನಾ?" ಎಂದು ಸುತ್ತುವರಿಯುತ್ತಾರೆ. ಅವರಲ್ಲೊಬ್ಬರಿಗೆ ಒಳ್ಳೆಯ ಹೆಸರಿದೆ, ಜನ ಅವರನ್ನು ಕಣ್ಣಾರೆ ಮಾಮ ಎನ್ನುತ್ತಾರೆ, ಏಕೆಂದರೆ ಪ್ರತಿ ಹೇಳಿಕೆಯನ್ನೂ "ಕಣ್ಣಾರೆ ಕಂಡೆ" ಎಂದೇ ಶುರು ಮಾಡುತ್ತಾರೆ. ಅಕ್ಕನ ಬಗ್ಗೆ ಕೇಳಿದರೆ ತಾನು ಸೊಂಟದ ಮೇಲಿನದಕ್ಕೆ ಮಾತ್ರ ಸಾಕ್ಷಿ ಹೇಳುವುದು, ಕಾಲಿನ ಕಡೆ ಅನುಭವ ಕಡಿಮೆ ಎಂದು ಕೈ ಅಲ್ಲಾಡಿಸಿಬಿಟ್ಟರು. ನೋಡಿ, ವೃತ್ತಿಪರತೆ ಎಂದರೆ ಇದು. ತಮ್ಮ ಇಲಾಖೆಯಲ್ಲಿ ನಾನು ಕಂಡ ಒಬ್ಬನೇ ತಜ್ಞ ಗೇಟಿನ ಹೊರಗಿದ್ದ.

ವೃತ್ತಿಪರತೆಯ ಮಾತು ಬಂದದ್ದರಿಂದ ಇದನ್ನೂ ಕೇಳಿಬಿಡುತ್ತೇನೆ. ಫಿಸಿಯೋಥೆರಪಿಸ್ಟರು ವರ್ಷವರ್ಷವೂ ಹೊಸದನ್ನು ಕಲಿಯುತ್ತಿರಬೇಕು ಎಂಬ ತಮ್ಮ ನಿಯಮ ಬಹಳ ಒಳ್ಳೆಯದು. ನಮ್ಮ ಹುಡುಗಿ ಆಪರೇಷನ್ ನಂತರ ಬಿಗಿದುಕೊಂಡ ಮಂಡಿಗಳ ಬಗ್ಗೆ ನಡೆಯುವ ತರಬೇತಿಗೆ ಹೋಗಲು ಅರ್ಜಿ ಹಾಕಿದ್ದಳು, ಅದೂ ಅಕ್ಕನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು. "ಇಲಾಖೆಯ ಪ್ರಸ್ತುತ ಅಗತ್ಯಗಳಿಗೆ ಸಂಬಂಧಿಸಿದ್ದಲ್ಲ" ಎಂದು ಅರ್ಜಿ ವಾಪಸು ಬಂತು. ಅದರ ಬದಲು ಅವಳನ್ನು ಕರೆಸಿ, ನಿವೃತ್ತ ವಕೀಲರೊಬ್ಬರಿಂದ "ಸಾಕ್ಷಿ ವಿಚಾರಣೆಯಲ್ಲಿ ಕೌಶಲ ವರ್ಧನೆ" ಎಂಬ ಶಿಬಿರ ಮಾಡಿಸಿದಿರಿ. ಸುಳ್ಳು ಹೇಳುವ ಸಾಕ್ಷಿ ಎಲ್ಲಿ ನೋಡುತ್ತಾನೆ, ಸತ್ಯ ಹೇಳುವವನ ಕಿವಿ ಯಾವಾಗ ಕೆಂಪಾಗುತ್ತದೆ, ಇದೆಲ್ಲ ಅಲ್ಲಿ ಪಾಠ. ಪಾಟೀಸವಾಲಿನಲ್ಲಿ ಅವಳಿಗೆ ಮೊದಲ ದರ್ಜೆ ಬಂತಂತೆ. ಅವಳು ಅದನ್ನು ಕಲಿಯುತ್ತಿದ್ದ ಅಷ್ಟೂ ದಿನ ಅಕ್ಕನ ಮಂಡಿ ಯಾರೂ ಮುಟ್ಟದೆ ಬಿದ್ದಿತ್ತು. ಬಂದ ಮೇಲೆ ಅಳೆದರೆ, ಹಿಂದೆ ಕಣ್ಣೀರು ಸುರಿಸಿ ಗಳಿಸಿದ್ದರಲ್ಲಿ ಒಂದು ಪಾಲು ವಾಪಸು ಹೋಗಿತ್ತು. ಹುಡುಗಿ ಅಳತೆಪಟ್ಟಿಯನ್ನು ಎರಡನೇ ಸಲ ಇಟ್ಟು ನೋಡಿದಳು, ಆಮೇಲೆ ಅಕ್ಕನ ಮುಖ ನೋಡಲಿಲ್ಲ. ನನಗೆ ಅಂದು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಇನ್ನು ತಮ್ಮ ನಾವೀನ್ಯತಾ ಕೋಶ. ಅದು ಹೊಸದೇನನ್ನು ಕಂಡುಹಿಡಿಯಿತು ಎಂದು ತಮಗೆ ನೆನಪಿರಬಹುದು, ರಿಬ್ಬನ್ ಕತ್ತರಿಸಿದ್ದು ತಾವೇ. ಅಂದು ಬೆಳಿಗ್ಗೆ, ಗೇಟಿನ ಬಳಿ ಗೊತ್ತುಮಾಡಿಕೊಂಡು ಬಂದ ಇಬ್ಬರು ಸಾಕ್ಷಿಗಳೆದುರು ಅಕ್ಕ ಕಂಬಿ ಹಿಡಿದು ನಡೆಯುತ್ತಿದ್ದಳು. ಎರಡೂ ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಅಡ್ಡ ಹಾಕಿರುವ, ಹಿಡಿದು ನಡೆಯಲು ಕಲಿಯುವ ಆ ಉಕ್ಕಿನ ಕಂಬಿಗಳ ನಡುವೆ ಅವಳಿದ್ದಾಗಲೇ ಇಬ್ಬರು ಕೆಲಸಗಾರರು ಸ್ಪ್ಯಾನರ್ ಹಿಡಿದುಕೊಂಡು ಬಂದು ಬೋಲ್ಟು ಬಿಚ್ಚತೊಡಗಿದರು.

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ?"

"ಪಕ್ಕಕ್ಕೆ ಹೋಗೋಕ್ ಬಂದಿದ್ರೆ ನಾನು ಇಲ್ಲಿಗ್ಯಾಕಪ್ಪ ಬರ್ತಿದ್ದೆ?"

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ. ಈ ಕಡೇದು ಬಿಚ್ಚಾಯ್ತು, ಆ ಕಡೇದು ಮಾತ್ರ ಹಿಡ್ಕೊಳ್ಳಿ."

ಮಧ್ಯಾಹ್ನದ ಹೊತ್ತಿಗೆ ಆ ಕಂಬಿಗಳನ್ನು ಕತ್ತರಿಸಿ, ಮೂರು ಕಡೆ ಕಟ್ಟಿ, ನೆಲಕ್ಕೆ ಹಲಗೆ ಹಾಕಿ, ಬಣ್ಣ ಬಳಿದು, ಚಿಕಿತ್ಸಾ ಕೊಠಡಿಯ ನಟ್ಟನಡುವೆ ಒಂದು ಸುಂದರ ಕಟಕಟೆ ತಯಾರಾಗಿತ್ತು. ಸಾಕ್ಷಿಗಳು ನಿಂತು ನಿಂತು ಸುಸ್ತಾಗುತ್ತಿದ್ದಾರೆ, ಅವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು ಎಂಬುದು ಕೋಶದ ಸಂಶೋಧನೆಯಂತೆ. "ಇರುವ ಸಂಪನ್ಮೂಲದ ಮರುಬಳಕೆ" ಎಂದು ತಾವು ಅದನ್ನು ಭಾಷಣದಲ್ಲಿ ಹೊಗಳಿದಿರಿ, ಚಪ್ಪಾಳೆಯೂ ಬಿತ್ತು. ಚಪ್ಪಾಳೆ ತಟ್ಟಲು ಎರಡೂ ಕೈ ಏಳದವರು ಆ ಕೊಠಡಿಯಲ್ಲಿ ಬಹಳ ಮಂದಿ ಇದ್ದರು, ಅದನ್ನು ತಾವು ಗಮನಿಸಿರಲಾರಿರಿ.

ಸಾಕ್ಷ್ಯಾಧಾರಿತ ಎಂಬುದು ಎರಡು ಪದ ಕೂಡಿ ಆದದ್ದು, ಸಾಕ್ಷ್ಯ ಮತ್ತು ಆಧಾರ. ಮೊದಲನೆಯದನ್ನು ತಾವು ಸಾಕ್ಷಿ ಮಾಡಿದಿರಿ. ಹೋಗಲಿ, ಎರಡನೆಯದಾದರೂ ಉಳಿಯಿತೇ? ನಡೆಯಲಾಗದವರಿಗೆ ಇದ್ದ ಒಂದೇ ಆಧಾರ ಆ ಕಂಬಿ. ಅದನ್ನು ಕಿತ್ತು, ಎರಡು ಕಾಲೂ ಗಟ್ಟಿಯಿರುವ ಸಾಕ್ಷಿಗೆ ಒರಗಿ ನಿಲ್ಲಲು ಕೊಟ್ಟಿರಿ. ಒಂದು ಸಮಾಸ ಬಿಡಿಸುವುದಕ್ಕೆ ನಾವು ಶಾಲೆಯಲ್ಲಿ ಎಷ್ಟು ಕಷ್ಟಪಡುತ್ತಿದ್ದೆವು! ತಾವು ಸ್ಪ್ಯಾನರಿನಿಂದ ಬಿಡಿಸಿದಿರಿ. ಪ್ರತಿ ಭಾಷಣದಲ್ಲೂ ಹೊಸತನ, ಹೊಸತನ ಎನ್ನುವ ತಾವು ಒಂದು ದಿನವಾದರೂ ರೋಗಿಯ ಪಕ್ಕದಲ್ಲಿ ಕೂತು ಇದರಿಂದ ನಿನಗೆ ಏನಾದರೂ ಉಪಯೋಗವಾಯಿತೇ ಎಂದು ಕೇಳಿದ್ದೀರಾ? ಆ ಹುಡುಗಿ ದಿನಾ ಕೇಳುತ್ತಿದ್ದಳು. ಅದಕ್ಕೆ ಯಾವ ಕೋಶವೂ ಬೇಕಿರಲಿಲ್ಲ.

ಈಗ ನನ್ನ ಖಾಸಗಿ ಪತ್ರದ ಕಥೆ. ಅಚ್ಚಿನ ತಪ್ಪು ತಿದ್ದುವುದು ನನ್ನ ಹೊಟ್ಟೆಪಾಡು, ಆದ್ದರಿಂದ ಸಿಟ್ಟನ್ನೆಲ್ಲ ನುಂಗಿಕೊಂಡು ತಮಗೆ ಚಿಕ್ಕದೊಂದು ಪತ್ರ ಬರೆದೆ. ದಯವಿಟ್ಟು ಯ ಒತ್ತನ್ನು ವಾಪಸು ಹಾಕಿ, ಕಷ್ಟವಾದರೆ ಆ ಪದವನ್ನೇ ಬಿಟ್ಟು ಪುರಾವೆ ಎಂದು ಬರೆಯಿರಿ, ಯಾರಿಗೂ ಗೊಂದಲವಾಗುವುದಿಲ್ಲ ಎಂದೆ. ಯ ಒತ್ತಿನ ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಪುರಾವೆಯನ್ನು ಮಾತ್ರ ತಾವು ಕೂಡಲೇ ಒಪ್ಪಿಕೊಂಡಿರಿ. ಹೊಸ ಸುತ್ತೋಲೆ ಹೊರಟಿತು: ಚಿಕಿತ್ಸೆಯು ಸಾಕ್ಷಿಯ ಜೊತೆಗೆ ಪುರಾವೆ ಆಧಾರಿತವೂ ಆಗಿರತಕ್ಕದ್ದು. ಅಧೀಕ್ಷಕರು ಅಕ್ಕನನ್ನು ಕರೆದು, "ಮಂಡಿಯ ಗುರುತಿನ ಪುರಾವೆ, ವಿಳಾಸದ ಪುರಾವೆ, ಎರಡೂ ತನ್ನಿ" ಎಂದರು.

"ಮಂಡಿಗೆ ಬೇರೆ ವಿಳಾಸ ಎಲ್ಲಿಂದ ಬರತ್ತೆ ಸರ್? ನಾನಿರೋ ಕಡೆ ಅದೂ ಇರತ್ತೆ."

"ಅದನ್ನೇ ಬರ್ಕೊಡಿ. ಎಡಮಂಡಿ ಬಲಮಂಡಿ ಒಂದೇ ಮನೇಲಿ ವಾಸವಾಗಿವೆ ಅಂತ. ಮನೆ ಮಾಲೀಕರ ಸಹಿ ಇರ್ಲಿ."

ನಮ್ಮ ಮನೆಯ ಮಾಲೀಕರು ಜಾಗರೂಕ ಮನುಷ್ಯ. ಬಾಡಿಗೆ ಕರಾರಿನಲ್ಲಿ ಅಕ್ಕತಂಗಿಯರಿಬ್ಬರ ಹೆಸರಿದೆ, ಮಂಡಿಯ ಹೆಸರಿಲ್ಲ, ಹೆಚ್ಚುವರಿಯಾಗಿ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ ಎಂದು ಸಹಿ ಹಾಕಲು ಒಪ್ಪಲಿಲ್ಲ. ಅಲ್ಲಿಗೆ ಅಕ್ಕನ ಪಾಲಿಗೆ ಕೇಂದ್ರದ ಬಾಗಿಲು ಮುಚ್ಚಿತು. ಅಂದು ಮನೆಗೆ ಬಂದ ಮೇಲೆ ಅಕ್ಕ ನನ್ನ ಮೇಲೆ ಹರಿಹಾಯ್ದಳು. "ನಿನ್ನನ್ನ ಯಾರೇ ಕೇಳಿದ್ದು? ಮೊದ್ಲು ಬರೀ ಜನಾನ ಕರ್ಕೊಂಡ್ ಹೋಗ್ಬೇಕಿತ್ತು, ಈಗ ಕಾಗದಾನೂ ಸೇರ್ಸಿದ್ಯಲ್ಲ! ಇನ್ನೊಂದು ಒಳ್ಳೇ ಪದ ಗೊತ್ತಿದ್ರೆ ಬಾಯಿ ಮುಚ್ಕೊಂಡು ನಿನ್ನ ಹತ್ರಾನೇ ಇಟ್ಕೋ." ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆಗ ಆ ಹುಡುಗಿ ಒಂದು ಕೆಲಸ ಮಾಡಿದಳು, ಈ ಪತ್ರ ಬರೆಯುವಂತಾದದ್ದು ಅದರಿಂದಲೇ. ಕೇಂದ್ರದ ಕೆಲಸ ಮುಗಿದ ಮೇಲೆ ಸಂಜೆ ಡಿಪೋಗೆ ಬಂದು, ರಿಪೇರಿಗೆ ನಿಲ್ಲಿಸಿದ್ದ ಒಂದು ಹಳೆಯ ಬಸ್ಸಿಗೆ ಅಕ್ಕನನ್ನು ಹತ್ತಿಸಿದಳು. ಬಸ್ಸಿನೊಳಗೆ ಸೀಟುಗಳ ನಡುವೆ ನಡೆಯುವ ದಾರಿಯಿದೆಯಲ್ಲ, ಅದರ ಎರಡೂ ಕಡೆ ಸೀಟುಗಳಿಗೆ ಉಕ್ಕಿನ ಹಿಡಿಕೆಗಳಿರುತ್ತವೆ. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಅವುಗಳನ್ನು ಹಿಡಿದುಕೊಂಡು ಅಕ್ಕ ನಡೆದಳು. ಆಮೇಲೆ ಚಾಲಕರ ಸೀಟಿನಲ್ಲಿ ಕೂರಿಸಿ, ಕ್ಲಚ್ ಪೆಡಲಿನ ಮೇಲೆ ಕಾಲಿಡಿಸಿ, ಒತ್ತಿಸಿ, ಬಿಡಿಸಿ, ಮತ್ತೆ ಮಡಚಿಸಿದಳು.

"ಮೇಡಂ, ಇದೂ ನಿಮ್ಮ ಪುಸ್ತಕದಲ್ಲಿದೆಯಾ?" ಎಂದು ಅಕ್ಕ ಏದುಸಿರು ಬಿಡುತ್ತ ಕೇಳಿದಳು.

"ಬಸ್ಸು ಇಲ್ಲ ಅಕ್ಕಾ. ಆದ್ರೆ ಯಾವ ಕೆಲಸಕ್ಕೆ ವಾಪಸ್ ಹೋಗ್ಬೇಕೋ ಅದೇ ಕೆಲಸಾನ ಮಾಡ್ತಾ ಕಲಿತ್ರೆ ಬೇಗ ಬರತ್ತೆ ಅಂತ ಇದೆ. ಅದಕ್ಕೆ ಪುರಾವೆ ಇದೆ."

"ಆ ಪದ ಮಾತ್ರ ಹೇಳ್ಬೇಡಿ, ನಮ್ಮ ಮನೇಲಿ ಜಗಳ ಆಗತ್ತೆ."

ಮೂವರೂ ನಕ್ಕೆವು. ಬಹಳ ದಿನಗಳ ಮೇಲೆ ನಾನು ಅಕ್ಕನ ಬಾಯಲ್ಲಿ ನಗು ಕೇಳಿದ್ದು ಆ ಕೆಟ್ಟುನಿಂತ ಬಸ್ಸಿನಲ್ಲಿ. ಸಂಜೆ ಸಂಜೆಯೂ ಹೀಗೇ ನಡೆಯಿತು. ಮೊದಮೊದಲು ಅಕ್ಕ ತೊಡೆಯ ಹತ್ತಿರ ಬಟ್ಟೆ ಹಿಡಿದು ಕಾಲನ್ನು ಕೈಯಿಂದಲೇ ಎತ್ತಿ ಪೆಡಲಿನ ಮೇಲಿಡಬೇಕಿತ್ತು. ಆಮೇಲಾಮೇಲೆ ಕಾಲು ತಾನಾಗಿ ಮಡಚಿಕೊಂಡು ಪೆಡಲಿನ ಹತ್ತಿರ ಹತ್ತಿರ ಬರತೊಡಗಿತು. ಕೊನೆಗೆ ಒಂದು ಬೆರಳಿನ ಅಗಲದಷ್ಟು ಮಾತ್ರ ಉಳಿಯಿತು. ಅಂದು ಅಕ್ಕ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತಳು, ಹಾರನ್ ಒತ್ತಿಕೊಂಡು ಡಿಪೋದವರೆಲ್ಲ ಓಡಿಬಂದರು. ತಮ್ಮ ಕೋಶಕ್ಕೆ ನಾವೀನ್ಯತೆ ಬೇಕಿದ್ದರೆ ಅದು ಅಲ್ಲಿತ್ತು ಮಾನ್ಯರೇ, ರಿಬ್ಬನ್ ಕತ್ತರಿಸುವಷ್ಟು ಜಾಗವೂ ಇತ್ತು.

ತಾವು ಬರಲಿಲ್ಲ, ತಮ್ಮ ನೋಟಿಸು ಬಂತು. ಸಾಕ್ಷಿಗಳಿಲ್ಲದೆ ಚಿಕಿತ್ಸೆ ನೀಡಿದ ಆರೋಪದ ಮೇಲೆ ಹುಡುಗಿಯನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿಟ್ಟಿದ್ದೀರಿ, ಯಾವ ರೋಗಿಯನ್ನೂ ಎಲ್ಲಿಯೂ ಮುಟ್ಟಕೂಡದೆಂದು ಆಜ್ಞೆ ಮಾಡಿದ್ದೀರಿ. ಆರೋಪಕ್ಕೆ ಆಧಾರವೇನು? ಡಿಪೋದ ಪಕ್ಕದ ಪಂಕ್ಚರಿನವನು ಕಿಟಕಿಯಿಂದ ಪ್ರತಿ ಸಂಜೆಯೂ ಎಲ್ಲವನ್ನೂ ನೋಡಿದ್ದಾನೆಂದು ನೋಟಿಸಿನಲ್ಲೇ ಇದೆ. ಪಾಪ, ಅವನು ಎಲ್ಲರೆದುರು ಅಕ್ಕನನ್ನು ಹೊಗಳಲು ಹೋಗಿ ಹೇಳಿಬಿಟ್ಟದ್ದು. ಇದನ್ನು ನಿಧಾನವಾಗಿ ಓದಿ, ನಾನೂ ನಾಲ್ಕಾರು ಸಲ ಓದಿದೆ. ಅವನು ನೋಡಿದ್ದರೆ ಚಿಕಿತ್ಸೆಗೆ ಸಾಕ್ಷಿಯಿತ್ತು, ಹಾಗಾದರೆ ತಪ್ಪು ನಡೆದಿಲ್ಲ. ಅವನು ನೋಡಿಲ್ಲವಾದರೆ ತಪ್ಪಿಗೆ ಸಾಕ್ಷಿಯಿಲ್ಲ, ಹಾಗಾದರೆ ಆರೋಪವಿಲ್ಲ. ಇದನ್ನು ಅಧೀಕ್ಷಕರಿಗೆ ವಿವರಿಸಿದೆ. ಅವರು ನೋಟಿಸನ್ನು ತಿರುಗಿಸಿ ನೋಡಿ, "ಒಬ್ಬನೇ ನೋಡಿದಾನಲ್ಲಮ್ಮಾ. ಒಬ್ಬ ಸಾಕ್ಷಿ ಚಿಕಿತ್ಸೆಗೆ ಸಾಲಲ್ಲ, ಶಿಕ್ಷೆಗೆ ಸಾಲತ್ತೆ" ಎಂದರು. ಆಮೇಲೆ ತಾವೇ ಹೇಳಿದ್ದಕ್ಕೆ ತಾವೇ ಬೆಚ್ಚಿದವರಂತೆ ಕನ್ನಡಕ ತೆಗೆದು ಒರೆಸಿಕೊಂಡರು.

ಒಬ್ಬನೇ ಯಾಕಾದೀತು ಎಂದೋ ಏನೋ, ಈಗ ನನಗೂ ಕರೆ ಬಂದಿದೆ. ಆ ಸಂಜೆಗಳಲ್ಲಿ ಬಸ್ಸಿನಲ್ಲಿದ್ದವಳು ನಾನು, ಆದ್ದರಿಂದ ಹುಡುಗಿಯ ವಿರುದ್ಧ ಸಾಕ್ಷಿ ನುಡಿಯಬೇಕಂತೆ. ಅಕ್ಕನ ಮಂಡಿ ಬಗ್ಗಿತು ಎಂದು ಹೇಳಲು ರಕ್ತಸಂಬಂಧ ಅಡ್ಡ ಬಂದಿತ್ತು. ಬಗ್ಗಿಸಿದವಳ ಕೆಲಸ ಕಳೆಯಲು ಅದೇ ರಕ್ತ ಅಡ್ಡ ಬರುವುದಿಲ್ಲವೇ? ಬರುತ್ತೇನೆ. ತಾವು ರಿಬ್ಬನ್ ಕತ್ತರಿಸಿದ ಕಟಕಟೆಯನ್ನು ಹತ್ತಿ, ಹೌದು, ಈ ಹುಡುಗಿ ನನ್ನ ಅಕ್ಕನಿಗೆ ಚಿಕಿತ್ಸೆ ಕೊಟ್ಟಳು, ಮಂಡಿ ಬಗ್ಗಿತು, ನಾನು ನೋಡಿದೆ ಎಂದು ಹೇಳುತ್ತೇನೆ. ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳುವಿರೋ ಪ್ರಶಸ್ತಿಪತ್ರ ಎಂದೋ ತಮಗೆ ಬಿಟ್ಟದ್ದು.

ಆದರೆ ವಿಚಾರಣೆ ಮುಂದಿನ ತಿಂಗಳು. ಚಾಲಕರಿಗೆ ಸಾರಿಗೆಯವರು ಮಾಡುವ ದೇಹಪರೀಕ್ಷೆ ಈ ತಿಂಗಳ ಕೊನೆಗೆ, ಅದರಲ್ಲಿ ಕಾಲು ಪೆಡಲು ಮುಟ್ಟದಿದ್ದರೆ ಕೌಂಟರೇ ಗತಿ. ಹುಡುಗಿಯನ್ನು ನಿಲ್ಲಿಸಿದಾಗಿನಿಂದ ಅಕ್ಕ ಮನೆಯಲ್ಲೇ ಕುರ್ಚಿಯ ಮೇಲೆ ಕೂತು, ಎದುರಿಗೆ ಸ್ಟೂಲ್ ಇಟ್ಟು, ತನಗೆ ತಿಳಿದ ಹಾಗೆ ಕಾಲು ಮಡಚುತ್ತಾಳೆ. ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನ್ನೆ ಮಂಡಿ ಊದಿಕೊಂಡಿತ್ತು. ಬೆಳಿಗ್ಗೆ ನಾನು ಚಹಾ ಕೊಡಲು ಹೋದರೆ, "ಕೌಂಟರಲ್ಲಿ ಫ್ಯಾನ್ ಇದೆಯಂತೆ ಕಣೇ" ಎಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ. ನನಗೆ ಭಯವಾಗಿದೆ ಮಾನ್ಯರೇ, ವ್ಯಂಗ್ಯವನ್ನೆಲ್ಲ ಬದಿಗಿಟ್ಟು ಹೇಳುತ್ತಿದ್ದೇನೆ, ನನಗೆ ಬಹಳ ಭಯವಾಗಿದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಯ ಒತ್ತು ತಮ್ಮ ಪರಿಶೀಲನೆಯಲ್ಲೇ ಇರಲಿ, ಅದಿಲ್ಲದೆಯೂ ಭಾಷೆ ಹೇಗೋ ಬದುಕುತ್ತದೆ. ಕಟಕಟೆಯನ್ನೂ ತಾವೇ ಇಟ್ಟುಕೊಳ್ಳಿ, ಒರಗಿಕೊಳ್ಳಲು ಚೆನ್ನಾಗಿದೆ. ನೋಟಿಸನ್ನು ಹಿಂದಕ್ಕೆ ಪಡೆದು ಆ ಹುಡುಗಿಯನ್ನು ಇಂದೇ, ಈಗಲೇ ಕೆಲಸಕ್ಕೆ ಬಿಡಿ. ನನ್ನ ಅಕ್ಕನ ಕಾಲಿಗೂ ಆ ಪೆಡಲಿಗೂ ಮಧ್ಯೆ ಈಗ ಉಳಿದಿರುವುದು ಒಂದು ಬೆರಳಿನ ಅಗಲ, ಆ ಬೆರಳು ತಮ್ಮದು. ತೆಗೆಯಿರಿ.

ಇಂತಿ,
ಅಕ್ಕನ ಪರವಾಗಿ ನಂಬಲು ಅನರ್ಹಳೆಂದೂ, ಅವಳ ಮಂಡಿ ಬಗ್ಗಿಸಿದವಳ ವಿರುದ್ಧವಾದರೆ ನಂಬಲರ್ಹಳೆಂದೂ ತಮ್ಮ ಇಲಾಖೆ ತೀರ್ಮಾನಿಸಿರುವ,
ಇನ್ನು ಮುಂದೆ ಯಾರಿಗೂ ಪದ ಸೂಚಿಸುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿರುವ
ಒಬ್ಬ ಕರಡು ತಿದ್ದುವವಳು